ನಾಲ್ಕನೇ ಹಾಸಿಗೆಯ ನೆನಪು

ನಮ್ಮ ಊರಿನಲ್ಲಿ ಬರೆದದ್ದು ಮರುದಿನದವರೆಗೆ ನಿಲ್ಲುವುದಿಲ್ಲ. ಶಾಯಿಯಲ್ಲಿ ಬರೆಯಲಿ, ಬಣ್ಣದಲ್ಲಿ ಬರೆಯಲಿ, ಅಚ್ಚು ಹಾಕಿಸಲಿ, ಸೂರ್ಯ ಹುಟ್ಟುವ ಹೊತ್ತಿಗೆ ಹಾಳೆ ಬರೀ ಹಾಳೆ, ಗೋಡೆ ಬರೀ ಗೋಡೆ. ಹೊರಗಿನಿಂದ ಬಂದವರು ಒಂದೆರಡು ದಿನ ಬೆರಗಾಗುತ್ತಾರೆ, ಆಮೇಲೆ ಅವರೂ ರೂಢಿ ಮಾಡಿಕೊಳ್ಳುತ್ತಾರೆ. ಮದುವೆಗೆ ಕರೆಯುವವರು ಮನೆಮನೆಗೆ ಹೋಗಿ ಬಾಯಲ್ಲೇ ಹೇಳಿ ಬರುತ್ತಾರೆ. ಮೇಷ್ಟರು ಅಂದಿನ ಪಾಠವನ್ನು ಅಂದೇ ಕಲಿಸಿ ಮುಗಿಸುತ್ತಾರೆ. ಪ್ರೇಮಪತ್ರ ಬಂದರೆ ಬೆಳಗಾಗುವುದರೊಳಗೆ ಓದಿಕೊಳ್ಳಬೇಕು. ಇದರಿಂದ ಎಷ್ಟೋ ಮನೆಗಳ ಮಾನ ಉಳಿದಿದೆ ಎಂದು ನಮ್ಮವ್ವ ಹೇಳುತ್ತಿದ್ದಳು. ಪೇಟೆಯ ಅಂಗಡಿಗಳ ಬೋರ್ಡುಗಳನ್ನು ದಿನಾ ಮುಂಜಾನೆ ಹೊಸದಾಗಿ ಬರೆಯಬೇಕಾಗುವುದರಿಂದ ನಮ್ಮಲ್ಲಿ ಬೋರ್ಡು ಬರೆಯುವವರಿಗೆ ಕೆಲಸವಿಲ್ಲದ ದಿನವೇ ಇಲ್ಲ.

ಇಂಥ ಊರಿನ ಆಸ್ಪತ್ರೆಯಲ್ಲಿ ನಾನು ನೆನಪಿನವಳಾಗಿದ್ದೆ. ಅಂಬಾಬಾಯಿ ನನ್ನ ಹೆಸರು. ಎಲ್ಲರೂ ಅಂಬಕ್ಕ ಎನ್ನುತ್ತಾರೆ. ಐಸಿಯುವಿನಲ್ಲಿ ಆರು ಹಾಸಿಗೆಗಳಿದ್ದವು. ಯಂತ್ರಗಳೇನೋ ಆ ಹೊತ್ತಿನ ನಾಡಿ ಎಷ್ಟು, ರಕ್ತದೊತ್ತಡ ಎಷ್ಟು ಎಂದು ತೋರಿಸುತ್ತಿದ್ದವು. ಆದರೆ ನಿನ್ನೆ ಸಂಜೆ ಎಷ್ಟಿತ್ತು, ಔಷಧ ಯಾವಾಗ ಹೋಯಿತು, ಮೂತ್ರ ಎಷ್ಟಾಯಿತು ಎಂಬುದು ಇರುತ್ತಿದ್ದದ್ದು ನಮ್ಮ ತಲೆಯಲ್ಲಿ. ಒಬ್ಬರ ಪಾಳಿ ಮುಗಿದು ಇನ್ನೊಬ್ಬರು ಬಂದಾಗ ಆರೂ ಹಾಸಿಗೆಗಳ ಸಂಗತಿಯನ್ನು ಶಾಲೆಯ ಮಕ್ಕಳು ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸುತ್ತಿದ್ದೆವು. ಬಂದವರು ಅದನ್ನು ತಿರುಗಿ ಹೇಳಬೇಕು. ಒಂದು ಅಂಕಿ ತಪ್ಪಿದರೂ ಮತ್ತೆ ಮೊದಲಿನಿಂದ. ನಾನು ಇದಕ್ಕೆ ಅವ್ವನ ಬೀಸುವ ಹಾಡುಗಳನ್ನು ಹಿಡಿದಿದ್ದೆ. ಒಂದೊಂದು ಹಾಸಿಗೆಗೆ ಒಂದೊಂದು ಧಾಟಿ. ಡಾಕ್ಟರ್ ಸಾವಳಗಿಯವರು ಬಾಗಿಲಲ್ಲೇ ನಿಂತು "ಅಂಬಕ್ಕಾರ, ಐದನೇದು?" ಎಂದರೆ ಸಾಕು, ಆ ಧಾಟಿ ಗಂಟಲಿಗೆ ಬಂದು ಅದರ ಹಿಂದೆಯೇ ಅಂಕಿಗಳು ಸಾಲಾಗಿ ಬರುತ್ತಿದ್ದವು.

ಇಪ್ಪತ್ತೆರಡು ವರ್ಷಗಳಲ್ಲಿ ಅಂಬಕ್ಕ ಒಮ್ಮೆಯೂ ತಪ್ಪಿಲ್ಲ ಎಂದು ಊರು ಹೇಳುತ್ತಿತ್ತು. ಕೇಳಿ ಕೇಳಿ ನಾನೂ ಅದನ್ನು ನಂಬಿದ್ದೆ.

ಆ ವರ್ಷ ಆಸ್ಪತ್ರೆಗೆ ಕಾತ್ಯಾಯಿನಿ ಎಂಬ ಹೆಣ್ಣುಮಗಳು ಬಂದಳು. ದಕ್ಷಿಣದ ಕಡೆಯವಳು, ಮೂವತ್ತೈದರ ಆಸುಪಾಸು, ಮಾತು ಮೆತ್ತಗೆ. ಪ್ರತಿ ಹಾಸಿಗೆಯ ಪಕ್ಕ ಒಂದೊಂದು ಕಂಪ್ಯೂಟರ್ ಪರದೆ ನಿಲ್ಲಿಸಿ, ಯಂತ್ರಗಳಿಂದ ಅದಕ್ಕೆ ತಂತಿ ಎಳೆದಳು. ನಾಡಿ, ಉಸಿರು, ಒತ್ತಡ ಎಲ್ಲ ತಾವಾಗಿಯೇ ಪರದೆಯೊಳಗೆ ಹೋಗಿ ಕೂರುತ್ತಿದ್ದವು. ಔಷಧ ಕೊಟ್ಟವರು ಮಾತ್ರ ಅದನ್ನು ಕೈಯಿಂದ ಒತ್ತಿ ಸೇರಿಸಬೇಕಿತ್ತು. ಮರುದಿನ ಬೆಳಗ್ಗೆ ನಾವೆಲ್ಲ ಅದು ಖಾಲಿಯಾಗಿರುತ್ತದೆಂದು ನೋಡಲು ಹೋದೆವು. ಹಿಂದಿನ ದಿನದ್ದೆಲ್ಲ ಇದ್ದ ಹಾಗೇ ಇತ್ತು.

"ಇದು ಹೆಂಗ ಉಳೀತು?" ಎಂದು ಕೇಳಿದೆ.

"ಉಳಿಯಲ್ಲ ಅಮ್ಮ. ಗಂಟೆಗೊಂದ್ಸಲ ತನ್ನಲ್ಲಿರೋದನ್ನೆಲ್ಲ ತಾನೇ ಹೊಸದಾಗಿ ಬರ್ಕೊಳತ್ತೆ. ಅಷ್ಟೇ" ಎಂದಳು.

ಒಂದು ತಿಂಗಳು ಎರಡೂ ನಡೆಯಲಿ ಎಂದು ಸಾವಳಗಿಯವರು ತೀರ್ಮಾನಿಸಿದರು: ಪರದೆಯೂ ಇರಲಿ, ನಾವೂ ಇರೋಣ. ಎರಡರ ನಡುವೆ ವ್ಯತ್ಯಾಸ ಬಂದರೆ ನೆನಪಿನವರ ಮಾತೇ ನಡೆಯುವುದು. ಹಾಗೆಂದು ಎಲ್ಲರೆದುರು ಹೇಳುವಾಗ ಅವರು ನನ್ನ ಕಡೆ ನೋಡಿ ನಕ್ಕರು. ನನಗೂ ಒಳಗೊಳಗೆ ಹಿಗ್ಗಾಯಿತು.

ಮೂರನೇ ವಾರದಲ್ಲಿ ಫಕೀರಪ್ಪನನ್ನು ತಂದರು. ಪೇಟೆಯ ಅರ್ಧ ಬೋರ್ಡುಗಳನ್ನು ಬರೆಯುತ್ತಿದ್ದವನು ಅವನೇ. ಏಣಿಯ ಮೊಳೆ ಪಾದಕ್ಕೆ ಚುಚ್ಚಿತ್ತು. ಅರಿಸಿನ ಕಟ್ಟಿಕೊಂಡು ವಾರ ತಳ್ಳಿದ್ದ. ನಂಜು ರಕ್ತಕ್ಕೆ ಏರಿ, ಬರುವಾಗ ಹೆಂಡತಿಯ ಗುರುತೂ ಹತ್ತುತ್ತಿರಲಿಲ್ಲ. ಅವನನ್ನು ಎರಡನೇ ಹಾಸಿಗೆಗೆ ಹಾಕಿದರು. ಕೊಟ್ಟ ಔಷಧಗಳಲ್ಲಿ ಒಂದು ಹಸಿರು ಮುಚ್ಚಳದ್ದು. ನಂಜಿಗೆ ಅದು ರಾಮಬಾಣ, ಆದರೆ ದಿನಕ್ಕೆ ಒಂದೇ ಸಲ. ಹೆಚ್ಚಾದರೆ ಮೂತ್ರಪಿಂಡಕ್ಕೆ ಪೆಟ್ಟು. ಅವನ ಮೂತ್ರಪಿಂಡ ಮೊದಲೇ ಸೋತಿತ್ತು.

ಮೂರನೆಯ ದಿನ ಬೆಳಗ್ಗೆ ಏಳಕ್ಕೆ ನಾನು ಪಾಳಿಗೆ ಬಂದೆ. ರಾತ್ರಿಯ ಪಾಳಿಯ ಮಹಾದೇವಿ ಆರೂ ಹಾಸಿಗೆಗಳನ್ನು ಒಪ್ಪಿಸಿದಳು. ಕೆಲಸಕ್ಕೆ ಬಂದು ಮೂರೇ ವರ್ಷವಾಗಿದ್ದ ಹುಡುಗಿ, ನಾನೇ ತಯಾರು ಮಾಡಿದವಳು. ನಾನು ತಿರುಗಿ ಹೇಳಿದೆ, ಅವಳು ಹೂಂಗುಟ್ಟಿ ಮನೆಗೆ ಹೋದಳು. ಎಂಟರ ಹೊತ್ತಿಗೆ ನಾಲ್ಕನೇ ಹಾಸಿಗೆಯ ಮುದುಕರನ್ನು ಸಾಮಾನ್ಯ ವಾರ್ಡಿಗೆ ಕಳಿಸಿದರು. ಖಾಲಿಯಾದ ಆ ಹಾಸಿಗೆಗೆ ಉಸಿರಾಟದ ಯಂತ್ರ ಇದ್ದುದರಿಂದ ಫಕೀರಪ್ಪನನ್ನು ಎರಡರಿಂದ ನಾಲ್ಕಕ್ಕೆ ಸರಿಸಿದೆವು. ನಾನೇ ಕೈಹಚ್ಚಿ ಸರಿಸಿದ್ದು. ಅವನ ದಾಖಲೆಯನ್ನು ಕಾತ್ಯಾಯಿನಿ ನಾಲ್ಕರ ಪರದೆಗೆ ತಂದಳು.

ಹತ್ತಕ್ಕೆ ಸಾವಳಗಿಯವರು ಬಂದರು. "ನಾಲ್ಕನೇದಕ್ಕ ಹಸಿರು ಹೋಗೇತೇನ್ರೀ?"

ನಾನು ನಾಲ್ಕರ ಧಾಟಿ ಹಿಡಿದೆ. "ಇಲ್ಲರೀ ಸರ್, ಇನ್ನೂ ಕೊಟ್ಟಿಲ್ಲ."

ಕಾತ್ಯಾಯಿನಿ ಪರದೆಯ ಪಕ್ಕದಲ್ಲೇ ಇದ್ದಳು. "ಡಾಕ್ಟ್ರೇ, ಇಲ್ಲಿ ಕೊಟ್ಟಿದೆ ಅಂತಿದೆ. ಬೆಳಗ್ಗೆ ಆರು ಗಂಟೆ, ಮಹಾದೇವಿಯವರ ಹೆಸರೂ ಇದೆ."

ಸಾವಳಗಿಯವರು ನನ್ನ ಮುಖ ನೋಡಿದರು. ನಾನು ಮತ್ತೊಮ್ಮೆ ಗುನುಗಿಕೊಂಡೆ. ಧಾಟಿ ಎಲ್ಲಿಯೂ ಮುಗ್ಗರಿಸಲಿಲ್ಲ. "ಕೊಟ್ಟಿಲ್ಲ ಸರ್" ಎಂದೆ, ಮೊದಲಿಗಿಂತ ಗಟ್ಟಿಯಾಗಿ. ಕಾತ್ಯಾಯಿನಿಯ ಮಾತು ನನಗೆ ಸ್ವಲ್ಪ ಚುಚ್ಚಿತ್ತು ಎಂಬುದನ್ನೂ ಹೇಳಿಬಿಡುತ್ತೇನೆ. ಔಷಧ ಕೊಟ್ಟರು.

ಮಧ್ಯಾಹ್ನ ಹಾಸಿಗೆಯ ಪಕ್ಕದ ತಟ್ಟೆ ತೆಗೆದು ಸ್ವಚ್ಛ ಮಾಡುವ ಕೆಲಸ ನನ್ನದಾಗಿತ್ತು. ಫಕೀರಪ್ಪನ ಜೊತೆಗೇ ಎರಡನೇ ಹಾಸಿಗೆಯಿಂದ ಬಂದ ತಟ್ಟೆ ಅದು. ಹತ್ತಿ, ಸೂಜಿಯ ಕವಚ, ಅವುಗಳ ನಡುವೆ ಎರಡು ಹಸಿರು ಮುಚ್ಚಳ. ಒಂದಲ್ಲ, ಎರಡು. ಹಿಂದಿನ ದಿನದ್ದಿರಬಹುದೆಂದು ಒಂದು ಕ್ಷಣ ಸಮಾಧಾನ ಮಾಡಿಕೊಂಡೆ. ಆದರೆ ಹಿಂದಿನ ಸಂಜೆ ತಟ್ಟೆ ತೊಳೆದಿಟ್ಟವಳೂ ನಾನೇ. ಆಗ ಎರಡನೇ ಹಾಸಿಗೆಯ ಧಾಟಿಯನ್ನು ಮೆಲ್ಲಗೆ ಎತ್ತಿದೆ. ಅದರಲ್ಲಿ ಮಹಾದೇವಿಯ ದನಿ ಇದ್ದ ಹಾಗೇ ಇತ್ತು: "ಆರಕ್ಕ ಹಸಿರು ಕೊಟ್ಟೈತಿ ಅಕ್ಕಾ." ಇನ್ನೂ ಕೊಟ್ಟಿಲ್ಲ ಎಂದು ನಾನು ಹಾಡಿದ್ದು ವಾರ್ಡಿಗೆ ಹೋದ ಮುದುಕರ ಸಂಗತಿ. ಮನುಷ್ಯನನ್ನು ಸರಿಸಿದ್ದೆ, ಧಾಟಿಯನ್ನು ಸರಿಸಿರಲಿಲ್ಲ.

ಸ್ಟೂಲ್ ಎಳೆದುಕೊಂಡು ಕೂತೆ. ಫಕೀರಪ್ಪನ ಎದೆ ಯಂತ್ರದ ತಾಳಕ್ಕೆ ಏರಿಳಿಯುತ್ತಿತ್ತು. ಅವನ ಉಗುರ ಸಂದಿಯಲ್ಲಿ ಇನ್ನೂ ಕೆಂಪು ಬಣ್ಣ ಇತ್ತು. ಎದ್ದು ಹೋಗಿ ಸಾವಳಗಿಯವರಿಗೆ ಹೇಳಬೇಕು, ಈಗಲೇ ಹೇಳಬೇಕು ಎಂದುಕೊಂಡೆ. ಮುಚ್ಚಳಗಳನ್ನು ಸೀರೆಯ ಸೆರಗಿಗೆ ಕಟ್ಟಿಕೊಂಡೆ. ಏಳಲಿಲ್ಲ.

ಮೂರಕ್ಕೆ ಮಹಾದೇವಿಯನ್ನು ಮನೆಯಿಂದ ಕರೆಸಿದರು. ಕೊಡದ ಔಷಧವನ್ನು ಕೊಟ್ಟಿದೆ ಎಂದು ಪರದೆಯಲ್ಲಿ ಯಾಕೆ ಒತ್ತಿದೆ ಎಂದು ಸಾವಳಗಿಯವರು ಕೇಳಿದರು. ಅವಳು ನಿದ್ದೆಗಣ್ಣಿನಲ್ಲೇ, "ಕೊಟ್ಟೇನ್ರೀ ಸರ್, ಕೊಟ್ಟಮ್ಯಾಲೇ ಒತ್ತೇನಿ" ಎಂದಳು.

"ಅಂಬಕ್ಕಾರು ಇಲ್ಲ ಅಂತಾರ."

ಅವಳು ನನ್ನ ಕಡೆ ತಿರುಗಿದಳು. ಮೂರು ವರ್ಷ ನನ್ನೆದುರು ನಿಂತು ಒಪ್ಪಿಸಿದ ಹುಡುಗಿ. ತಪ್ಪಿದಾಗಲೆಲ್ಲ ಮತ್ತೆ ಮೊದಲಿನಿಂದ ಹೇಳಿಸಿದ್ದೆ. ಅವಳ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಗೊಂದಲವಿತ್ತು. ತನ್ನ ಕೈ ಮಾಡಿದ ಕೆಲಸವನ್ನೇ ಅವಳು ಅನುಮಾನಿಸುತ್ತಿದ್ದದ್ದು ನನಗೆ ಕಾಣುತ್ತಿತ್ತು. "ಹಂಗಾರ... ಅಕ್ಕಾ ಹೇಳಿದ್ದ ಖರೆ ಇರಬೇಕ್ರೀ. ಕೊಡಬೇಕು ಅಂತ ಮನಸ್ಸಿನ್ಯಾಗ ಇತ್ತು. ಒತ್ತಿಬಿಟ್ಟೇನಿ ಕಾಣ್ತದ" ಎಂದಳು. ಸೆರಗಿನ ಗಂಟು ನನ್ನ ಸೊಂಟಕ್ಕೆ ಒತ್ತುತ್ತಿತ್ತು. ಆಗಲೂ ನಾನು ಸುಮ್ಮನಿದ್ದೆ. ಬದುಕಿನಲ್ಲಿ ನಾನು ಮಾಡಿದ ಎಲ್ಲ ತಪ್ಪುಗಳಿಗಿಂತ ಆ ಸುಮ್ಮನಿದ್ದದ್ದೇ ದೊಡ್ಡದು.

ಮನೆಗೆ ಹೋಗಿ ಉಣ್ಣಲಾಗಲಿಲ್ಲ. ಗಂಡ ಕೇಳಿದ್ದಕ್ಕೆ ತಲೆನೋವು ಎಂದೆ. ತಲೆನೋವಲ್ಲ. ಇಪ್ಪತ್ತೆರಡು ವರ್ಷಗಳ ಹಾಸಿಗೆಗಳು ಒಂದರ ಹಿಂದೆ ಒಂದು ಬಂದು ನಿಲ್ಲುತ್ತಿದ್ದವು. ಟೇಲರ್ ಶಾಂತಪ್ಪನ ತಾಯಿ ಮಾತಾಡುತ್ತಲೇ ಇದ್ದವರು ಒಂದು ಮಧ್ಯಾಹ್ನ ಹೋಗಿಬಿಟ್ಟಿದ್ದರು. ಆಗ ನಾನು ಒಪ್ಪಿಸಿದ್ದು ಸರಿಯಿತ್ತೇ? ಹಾವು ಕಡಿದ ಆ ಹುಡುಗಿಗೆ ಎಷ್ಟು ಸಲ ಮದ್ದು ಹೋಗಿತ್ತು? ನಾನು ಹೇಳಿದ್ದಷ್ಟೇ ಹೋಗಿತ್ತೇ? ನಾನು ತಪ್ಪಿಲ್ಲ ಎಂದು ಊರು ಹೇಳುತ್ತಿತ್ತು, ನಿಜ. ತಪ್ಪಿದ್ದರೆ ಹಿಡಿಯಲು ಯಾರ ಹತ್ತಿರ ಏನಿತ್ತು? ನಾನು ಹೇಳಿದ್ದು ಸರಿಯೋ ತಪ್ಪೋ ಎಂದು ನೋಡಲು ಜನ ನನ್ನನ್ನೇ ಕೇಳುತ್ತಿದ್ದರು.

ಮರುದಿನ ಬೆಳಗ್ಗೆ ಹೋದಾಗ ಫಕೀರಪ್ಪನ ಮೂತ್ರದ ಚೀಲದ ತಳ ಮಾತ್ರ ಒದ್ದೆಯಾಗಿತ್ತು. ಪರದೆಯ ಮೇಲೆ ಮೂತ್ರದ ಪ್ರಮಾಣ ತೋರಿಸುವ ಗೆರೆ ಹಿಂದಿನ ಮಧ್ಯಾಹ್ನದಿಂದ ಇಳಿಯುತ್ತ ಬಂದಿತ್ತು. ಅಂಕಿಗಳನ್ನು ನಾನು ಎಷ್ಟೋ ವರ್ಷ ಹಾಡಿದ್ದೇನೆ, ಆದರೆ ಒಬ್ಬ ಮನುಷ್ಯ ಇಳಿದು ಹೋಗುವುದನ್ನು ಹಾಗೆ ಒಂದೇ ಗೆರೆಯಲ್ಲಿ ಕಂಡದ್ದು ಅದೇ ಮೊದಲು.

ಹತ್ತು ಗಂಟೆಗೆ ಸಾವಳಗಿಯವರು ತಮ್ಮ ಕೋಣೆಗೆ ಕಾತ್ಯಾಯಿನಿಯನ್ನೂ ಮಹಾದೇವಿಯನ್ನೂ ನನ್ನನ್ನೂ ಕರೆದರು. ಪರದೆಗಳನ್ನು ವಾಪಸು ಕಳಿಸುವುದು, ಮಹಾದೇವಿಯನ್ನು ಐಸಿಯುವಿನಿಂದ ಹೊರರೋಗಿ ವಿಭಾಗಕ್ಕೆ ಹಾಕುವುದು ಎಂದು ಹೇಳಿದರು. ಕಾತ್ಯಾಯಿನಿ ವಾದ ಮಾಡಲಿಲ್ಲ. "ಆಯ್ತು ಡಾಕ್ಟ್ರೇ" ಎಂದಳು. ಮಹಾದೇವಿ ಕಾಲ ಹೆಬ್ಬೆರಳಿಂದ ನೆಲ ಕೆರೆಯುತ್ತ ನಿಂತಿದ್ದಳು.

ನಾನು ಸೆರಗಿನ ಗಂಟು ಬಿಚ್ಚಿ ಎರಡು ಮುಚ್ಚಳಗಳನ್ನು ಮೇಜಿನ ಮೇಲಿಟ್ಟೆ. "ಆಕಿ ಕೊಟ್ಟಿದ್ದ ಖರೆ ಸರ್. ಮಶೀನು ಹೇಳಿದ್ದೂ ಖರೆ. ತಪ್ಪು ನಂದು. ಎರಡನೇ ಹಾಸಿಗಿದನ್ನ ನಾಲ್ಕಕ್ಕ ಒಯ್ಯಲಿಲ್ಲ ನಾನು. ನಿನ್ನೆ ಮಧ್ಯಾಹ್ನನ ಗೊತ್ತಾಗಿತ್ತು."

ಸಾವಳಗಿಯವರು ಆ ಮುಚ್ಚಳಗಳನ್ನು ಎತ್ತಿ ನೋಡಿದರು. ಆಮೇಲೆ ಎದ್ದು ಬಾಗಿಲು ಹಾಕಿ ಬಂದರು. "ಈ ಮಾತು ಈ ಕೋಲಿ ದಾಟಬಾರದ್ರೀ" ಎಂದರು, ತಗ್ಗಿದ ದನಿಯಲ್ಲಿ. "ನಿಮ್ಮ ಮ್ಯಾಲಿನ ನಂಬಿಗಿ ಹೋತಂದ್ರ ನಾಳೆ ಪ್ರತಿಯೊಬ್ಬರೂ ಬಂದು ಕೇಳ್ತಾರ, ನಮ್ಮಪ್ಪಗ ಏನ್ ಕೊಟ್ರಿ, ನಮ್ಮವ್ವಗ ಏನ್ ಕೊಟ್ರಿ ಅಂತ. ನಾನು ಏನ್ ಹೇಳಲಿ?"

"ಕೇಳಲಿ ಸರ್. ಗೊತ್ತಿಲ್ಲ ಅಂತ ಹೇಳೂಣು. ಮೊದಲ ಆ ಔಷಧ ನಿಲ್ಲಸ್ರಿ. ಈ ಹೊತ್ತಿನ ಡೋಸು ಕೊಡೂ ವ್ಯಾಳೆ ಆಗೇತಿ."

ಅವರು ಮನುಷ್ಯ ಒಳ್ಳೆಯವರು. ಹೆದರಿಕೆ ಒಂದು ಗಳಿಗೆ ಅವರನ್ನು ಹಿಡಿದಿತ್ತು, ಅಷ್ಟೇ. ಕುರ್ಚಿಯಿಂದೆದ್ದವರು ಹಾಗೇ ಐಸಿಯುವಿಗೆ ನಡೆದರು, ಹಸಿರು ಔಷಧ ನಿಲ್ಲಿಸಿದರು, ರಕ್ತ ಶುದ್ಧಿ ಮಾಡುವ ಡಯಾಲಿಸಿಸ್ ಯಂತ್ರವನ್ನು ಮಧ್ಯಾಹ್ನವೇ ಹಚ್ಚಿಸಿದರು. ಮಹಾದೇವಿ ಕೋಣೆಯಲ್ಲೇ ನಿಂತಿದ್ದಳು. ನಾನು ಅವಳ ಕೈ ಹಿಡಿಯಲು ಹೋದೆ. ಅವಳು ಹಿಂದೆಗೆದಳು. "ನಾನು ಹುಚ್ಚಿ ಆಗೇನೇನೋ ಅನ್ಕೊಂಡಿದ್ದೆ ಅಕ್ಕಾ, ರಾತ್ರೆಲ್ಲಾ" ಎಂದಳು.

ಇನ್ನು ನೀಲವ್ವ ಉಳಿದಿದ್ದಳು. ಫಕೀರಪ್ಪನ ಹೆಂಡತಿ. ಗಂಡ ಮಲಗಿದ ದಿನದಿಂದ ಅವಳೇ ಮುಂಜಾನೆ ಏಣಿ ಹೊತ್ತು ಪೇಟೆಯ ಬೋರ್ಡುಗಳನ್ನು ಬರೆದು, ಆಮೇಲೆ ಬಂದು ಆಸ್ಪತ್ರೆಯ ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದಳು. ಅವಳ ಅಕ್ಷರ ಗಂಡನಷ್ಟು ದುಂಡಗಿರಲಿಲ್ಲ. ಒಂದೊಂದು ದಿನ ಒತ್ತಕ್ಷರ ಜಾಗ ಸಾಲದೆ ಕೆಳಗೆ ಜಾರಿರುತ್ತಿತ್ತು. ಆದರೂ ಅಂಗಡಿಯವರು ಯಾರೂ ಚಕಾರವೆತ್ತಿರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತೆ. ಎಲ್ಲವನ್ನೂ ಹೇಳಿದೆ. ಹಾಸಿಗೆ ಸರಿಸಿದ್ದು, ಧಾಟಿ, ಮುಚ್ಚಳ, ಸುಮ್ಮನಿದ್ದದ್ದು.

ಅವಳು ಕೈಗೆ ಹತ್ತಿದ ನೀಲಿ ಬಣ್ಣವನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸುತ್ತ ಕೇಳಿದಳು. ಮುಗಿದ ಮೇಲೂ ಒರೆಸುತ್ತಲೇ ಇದ್ದಳು.

"ಉಳೀತಾರೇನ್ರೀ?"

"ಉಳಿಯಬೇಕವ್ವ. ಹೇಳಾಕಾಗೂದಿಲ್ಲ."

"ನೀವು ಹೇಳದಿದ್ರ ನಂಗ ಗೊತ್ತಾಗತಿತ್ತೇನು?"

"ಇಲ್ಲ."

"ಹಂಗಾರ ಯಾಕ ಹೇಳಿದ್ರಿ? ನಂಬಿಕೊಂಡು ಕುಂತಿದ್ದೆ. ದೇವರು ಮಾಡಿದ್ದು ಅಂತ ಅಳತಿದ್ದೆ. ಈಗ ನಿಮ್ಮನ್ನ ಬೈಕೋತ ಕುಂದರಬೇಕಲ್ಲ ನಾನು!" ಅವಳ ದನಿ ಏರಿತು. ಕಟ್ಟೆಯ ಆಚೆ ಕೂತವರು ತಿರುಗಿ ನೋಡಿದರು. "ಕ್ಷಮಾ ಮಾಡು ಅಂತ ಬಂದಿರೇನು?"

"ಇಲ್ಲವ್ವ. ಬೈಯಿ."

ಅವಳು ಬೈಯಲಿಲ್ಲ. ಬಟ್ಟೆಯನ್ನು ಪಕ್ಕಕ್ಕಿಟ್ಟು ಕೇಳಿದಳು, "ಆ ಮಶೀನಿನ್ಯಾಗ ಎಲ್ಲಾ ಬರದಿರತೈತಂತಲ್ಲ, ನೀವು ಮಾಡಿದ್ದು ಐತೇನು ಅದರಾಗ?"

ಇರಲಿಲ್ಲ. ಹತ್ತಕ್ಕೆ ಔಷಧ ಹೋಯಿತು ಎಂದಷ್ಟೇ ಇತ್ತು. ಯಾಕೆ ಹೋಯಿತು ಎಂದಿರಲಿಲ್ಲ.

"ಬರೀರಿ" ಎಂದಳು. "ನಿಮ್ಮ ಕೈಲೇನ ಬರೀರಿ. ನಮ್ಮ ಮನ್ಯಾವ್ರು ಎದ್ರೂ ಬರೀರಿ, ಏಳದಿದ್ರೂ ಬರೀರಿ."

ಕಾತ್ಯಾಯಿನಿ ನನ್ನನ್ನು ನಾಲ್ಕನೇ ಹಾಸಿಗೆಯ ಪರದೆಯ ಮುಂದೆ ಕೂರಿಸಿದಳು. ದಾಖಲೆಗೆ ಟಿಪ್ಪಣಿ ಸೇರಿಸಲು ಅದು ಕಾರಣ ಕೇಳುತ್ತಿತ್ತು. ಯಂತ್ರದ ದೋಷ, ಔಷಧ ಬದಲಾವಣೆ, ಇತರೆ. ಇತರೆ ಎಂಬುದನ್ನು ಒತ್ತಿದೆ. ಕೀಲಿಗಳಲ್ಲಿ ಒಂದೊಂದೇ ಅಕ್ಷರ ಹುಡುಕುತ್ತ ಬರೆಯಲು ಅರ್ಧ ಗಂಟೆ ಹಿಡಿಯಿತು. ಅವಳು ನನ್ನ ಭುಜದ ಮೇಲಿಂದ ಓದಿದಳು. "ಅಮ್ಮ, ಕೊನೇ ಸಾಲು ಬೇಕಾ? ಅದನ್ನ ಯಾರೂ ಕೇಳಲ್ಲ" ಎಂದಳು ಮೆಲ್ಲಗೆ.

"ಬೇಕವ್ವ. ಅದ ಬೇಕಾಗಿದ್ದು" ಎಂದೆ.

ಮುಂದಿನ ದಿನಗಳಲ್ಲಿ ಸಾವಳಗಿಯವರು ಹೆದರಿದ್ದು ನಡೆಯಿತು. ಜನ ಬಂದರು. ಟೇಲರ್ ಶಾಂತಪ್ಪನೂ ಬಂದ. ತನ್ನ ತಾಯಿಯ ಬಗ್ಗೆ ಕೇಳಿದ. ನನಗೆ ನೆನಪಿರುವುದನ್ನು ಹೇಳಿ, ಅದು ಸರಿಯೆಂದು ಆಣೆ ಇಡಲಾರೆ ಎಂದೆ. ಪೇಟೆಯಲ್ಲಿ ಕೆಲವರು ನನ್ನನ್ನು ಮಾತಾಡಿಸುವುದು ಬಿಟ್ಟರು. ಕೆಲವರು ಮೊದಲಿಗಿಂತ ಹೆಚ್ಚು ಮಾತಾಡಿಸಿದರು. ಒಂದು ಸಂಜೆ ಮುದಿ ಮೇಷ್ಟರೊಬ್ಬರು ದಾರಿಯಲ್ಲಿ ನಿಲ್ಲಿಸಿ, ತಾವು ನಲವತ್ತು ವರ್ಷ ಕಲಿಸಿದ ಒಂದು ಪದ್ಯದ ಎರಡು ಸಾಲು ತಮ್ಮದೇ ಕಲ್ಪನೆ ಇರಬಹುದೆಂದು ಅನುಮಾನ ಎಂದು ಹೇಳಿಕೊಂಡರು. ಯಾರಿಗಾದರೂ ಹೇಳಬೇಕಿತ್ತು ಎಂದರು. ಪರದೆಗಳು ಉಳಿದವು. ನಾವೂ ಉಳಿದೆವು, ಆದರೆ ಈಗ ನಾವು ಒಪ್ಪಿಸುವುದನ್ನು ಪರದೆ ನೋಡಿಕೊಂಡು ಕೇಳುತ್ತಾರೆ. ಪರದೆಯಲ್ಲಿರುವುದನ್ನು ನಾವು ಮನುಷ್ಯನ ಮುಖ ನೋಡಿಕೊಂಡು ಓದುತ್ತೇವೆ. ಮಹಾದೇವಿ ಎರಡು ಸಲ ನನ್ನನ್ನು ತಿದ್ದಿದ್ದಾಳೆ. ಅವಳು ನನ್ನ ಜೊತೆ ಮೊದಲಿನ ಹಾಗೆ ನಗಲು ಮೂರು ತಿಂಗಳು ಬೇಕಾದವು.

ಫಕೀರಪ್ಪನಿಗೆ ಒಂಬತ್ತು ದಿನ ಡಯಾಲಿಸಿಸ್ ಮಾಡಿದರು. ಹತ್ತನೆಯ ದಿನ ಮೂತ್ರ ತಾನಾಗಿ ಬರತೊಡಗಿತು. ಹದಿನೆಂಟನೆಯ ದಿನ ಎದ್ದು ಕೂತ. ಮೂತ್ರಪಿಂಡ ಪೂರ್ತಿ ಮೊದಲಿನಂತಾಗಲಿಲ್ಲ. ಜೀವನವಿಡೀ ಪಥ್ಯ ಮಾಡಬೇಕು, ಏಣಿ ಹತ್ತುವ ಹಾಗಿಲ್ಲ ಎಂದರು. ಐಸಿಯುವಿನಿಂದ ಹೊರಗೆ ಹೋಗುವವರಿಗೆ ಅವರು ಎಚ್ಚರವಿಲ್ಲದೆ ಕಳೆದ ದಿನಗಳನ್ನು ಮನೆಯವರೆದುರು ಹೇಳಿ ಕಳಿಸುವುದು ನಮ್ಮಲ್ಲಿ ಪದ್ಧತಿ. ಕಳೆದ ದಿನಗಳನ್ನು ಕೈಗೆ ಕೊಡದೆ ಕಳಿಸಬಾರದು ಎನ್ನುತ್ತಾರೆ. ಮಹಾದೇವಿ ತಾನು ಹೇಳುತ್ತೇನೆ ಎಂದಳು. ನೀಲವ್ವ ಒಪ್ಪಲಿಲ್ಲ. "ಅಂಬಕ್ಕಾರು ಹೇಳಲಿ. ಬಾಯಿಲೆ ಬ್ಯಾಡ. ಅದರಾಗಿದ್ದದ್ದು ಓದಲಿ" ಎಂದಳು.

ಗಾಲಿಕುರ್ಚಿಯಲ್ಲಿ ಫಕೀರಪ್ಪ, ಪಕ್ಕದಲ್ಲಿ ಅವನ ಕೈ ಹಿಡಿದು ನೀಲವ್ವ. ನಾನು ಪರದೆಯ ಮುಂದೆ ನಿಂತು ಮೊದಲ ದಿನದಿಂದ ಓದತೊಡಗಿದೆ. ಜ್ವರ ನೂರಾ ನಾಲ್ಕು. ನಾಡಿ ನೂರಾ ಮೂವತ್ತು. ಕರೆದರೆ ಓಗೊಡುವುದಿಲ್ಲ. ಫಕೀರಪ್ಪ ಬೇರೆ ಯಾರದೋ ಕಥೆ ಕೇಳುವವನ ಹಾಗೆ ಬಾಯಿ ತೆರೆದು ಕೇಳುತ್ತಿದ್ದ. ಎರಡನೆಯ ದಿನ ಮುಗಿಯಿತು. ಮೂರನೆಯ ದಿನ, ಬೆಳಗ್ಗೆ ಆರು, ಎಂಟು, ಹತ್ತು. ಹಾಡಿನ ಧಾಟಿಯಿಲ್ಲದೆ, ಅಕ್ಷರದ ಮೇಲೆ ಬೆರಳಿಟ್ಟು ಓದಿದೆ:

"ಆರಕ್ಕೆ ಕೊಟ್ಟ ಔಷಧವನ್ನು ಕೊಟ್ಟಿಲ್ಲವೆಂದು ನಾನು ಹೇಳಿದೆ. ಅದರಿಂದ ಹತ್ತಕ್ಕೆ ಮತ್ತೆ ಕೊಡಲಾಯಿತು. ಮಹಾದೇವಿಯ ತಪ್ಪಲ್ಲ. ತಿಳಿದ ಮೇಲೂ ಒಂದು ಮಧ್ಯಾಹ್ನ, ಒಂದು ರಾತ್ರಿ ನಾನು ಸುಮ್ಮನಿದ್ದೆ. ಅಂಬಾಬಾಯಿ."

ಫಕೀರಪ್ಪ ನನ್ನನ್ನು ನೋಡಿದ. ಆಮೇಲೆ ಹೆಂಡತಿಯನ್ನು ನೋಡಿದ. ಅವಳಿಗೆ ಇದು ಮೊದಲೇ ಗೊತ್ತು ಎಂದು ಅವನಿಗೆ ತಿಳಿಯಿತು. ಏನೋ ಹೇಳಲು ಬಾಯಿ ತೆರೆದ. ನೀಲವ್ವ ಅವನ ಕೈಯನ್ನು ಮೆಲ್ಲಗೆ ಅದುಮಿ, ನನ್ನ ಮುಖ ನೋಡದೆ, ಪರದೆಯ ಕಡೆ ಗದ್ದ ಎತ್ತಿ ತೋರಿಸಿದಳು.

"ಮುಂದ ಓದ್ರಿ" ಎಂದಳು.